ಟೆಕ್ಸಾಸ್‌ನ ಬಾಸ್ ರಾಡ್, ದಾವಣಗೆರೆಯ ಕೊರವ: ಒಂದು ರಿಪೇರಿ ಕತೆ

ಮೇಜಿನ ಮೇಲಿರುವ ಸಾಮಾನು ಇಷ್ಟು. ಏಳು ಅಡಿಯ ಕಾರ್ಬನ್ ರಾಡ್, ತುದಿಯಿಂದ ಮೂರು ಇಂಚು ಕೆಳಗೆ ಮುರಿದಿದೆ. 3000 ಸೈಜಿನ ಸ್ಪಿನ್ನಿಂಗ್ ರೀಲ್ (ಲೈನ್ ಸುತ್ತುವ ಗಾಲಿ), ಚೆನ್ನಾಗಿದೆ. ರೀಲಿನಲ್ಲಿ ಹತ್ತು ಪೌಂಡ್ ಎಳೆತ ತಡೆಯುವ ಫ್ಲೋರೋಕಾರ್ಬನ್ ಲೈನ್. ಒಂದು ಡಬ್ಬಿ ತೆಳು ಗಾಳ. ಒಂದು ಚೀಲದಲ್ಲಿ ಹುಳು, ಹಲ್ಲಿ, ಕಪ್ಪೆ ಆಕಾರದ ಸಾಫ್ಟ್ ಲ್ಯೂರ್‌ಗಳು, ಅಂದರೆ ಮೀನನ್ನು ಮರುಳು ಮಾಡುವ ಮೆತ್ತನೆಯ ಹುಸಿ ಬೇಟೆಗಳು. ಅದರಲ್ಲಿ ಅರ್ಧಕ್ಕರ್ಧ ಹರಿದವು.

ಎಲ್ಲಾ ಟೆಕ್ಸಾಸ್‌ನಲ್ಲಿರುವ ಅಕ್ಕನ ಮಗ ಬಿಟ್ಟುಹೋಗಿದ್ದು. ಅಲ್ಲಿ ಅವನು ರಜೆ ಸಿಕ್ಕರೆ ಬಾಸ್ ಹಿಡಿಯುತ್ತಾ ಕೂರುತ್ತಾನೆ. "ಮಾಮ, ರಾಡ್ ಬರೋವಾಗಲೇ ಮುರೀತು, ಎಸೆದುಬಿಡಿ. ರೀಲ್ ಮಾತ್ರ ಇಟ್ಕೊಳ್ಳಿ" ಅಂದ. ಎಸೆಯೋದಾ? ದಾವಣಗೆರೆಯಲ್ಲಿ ಯಾರೂ ಇಷ್ಟು ಒಳ್ಳೆ ಕೋಲನ್ನು ಎಸೆಯುವುದಿಲ್ಲ.

ಬಾಸ್ ನಮ್ಮ ಕೆರೆಗಳ ಮೀನಲ್ಲ. ಅದು ಉತ್ತರ ಅಮೆರಿಕದ್ದು. 1925ರಲ್ಲಿ ಜಪಾನಿಗೆ ತಂದು ಬಿಟ್ಟರು. 2009ರಲ್ಲಿ ಅಲ್ಲಿನ ಬಿವಾ ಸರೋವರದಲ್ಲಿ ಹತ್ತು ಕೆಜಿ ದಾಟಿದ ಬಾಸ್ ಸಿಕ್ಕಿ, 1932ರಿಂದ ಜಾರ್ಜಿಯಾದ ಹೆಸರಲ್ಲಿದ್ದ ವಿಶ್ವದಾಖಲೆಯನ್ನು ಸರಿಗಟ್ಟಿತು. ಆದರೆ ಅಲ್ಲಿನ ನಾಡಮೀನುಗಳನ್ನು ತಿಂದು ತಲೆನೋವಾಗಿದ್ದರಿಂದ ಜಪಾನ್ ಅದರ ಸಾಕಣೆ, ಸಾಗಣೆಗೆ ಕಾನೂನಿನ ತಡೆ ಹಾಕಿದೆ. ನಮ್ಮಲ್ಲಿ ಬಾಸ್ ಇಲ್ಲ ಅಂತ ನನಗೇನೂ ಬೇಜಾರಿಲ್ಲ. ಅದೇ ಬುದ್ಧಿಯ ಮೀನು ನಮಗೂ ಇದೆಯಲ್ಲ, ಕೊರವ. ಜೊಂಡಿನ ಸಂದಿಯಲ್ಲಿ ಹೊಂಚು ಹಾಕುತ್ತದೆ. ಕಪ್ಪೆ, ಸಣ್ಣ ಮೀನು ಏನೇ ದಾಟಿದರೂ ಒಂದೇ ನೆಗೆತ. ಗಾಳಿ ಕುಡಿಯೋಕೆ ಆಗಾಗ ಮೇಲೆ ಬರಲೇಬೇಕು, ಹಾಗಾಗಿ ಎಲ್ಲಿದೆ ಅಂತ ತಾನೇ ತೋರಿಸಿಕೊಡುತ್ತದೆ.

ಹಾಗಂತ ಬಾಸ್ ಸೆಟ್ಟನ್ನು ಇದ್ದಂಗೇ ಕೊರವನಿಗೆ ಹಾಕೋಕೆ ಬರುವುದಿಲ್ಲ. ಸಾಮಾನ್ಯವಾಗಿ ಮೊದಲು ರಾಡ್ ಕೊಳ್ಳುತ್ತಾರೆ, ಆಮೇಲೆ ಲೈನ್, ಕೊನೆಗೆ ಚಿಲ್ಲರೆ ಉಳಿದರೆ ಗಾಳ. ನಾನು ಇದನ್ನು ತಿರುಗಿಸಿಬಿಟ್ಟೆ. ಮೀನಿನ ಬಾಯಿ ಹೇಗಿದೆಯೋ ಗಾಳ ಹಾಗೆ. ಆ ಗಾಳ ಚುಚ್ಚಲು ಎಂಥ ಲೈನ್ ಬೇಕೋ ಅಂಥದ್ದು. ಆ ಲೈನಿಗೆ ತಕ್ಕ ರಾಡ್. ರಿಪೇರಿಯ ಒಂದೊಂದು ತೀರ್ಮಾನವೂ ಈ ಲೆಕ್ಕದಲ್ಲೇ ನಡೆಯಿತು.

ಮೊದಲು ಗಾಳ

ಬಾಸ್ ಬಾಯಿಯ ಪಕ್ಕದಲ್ಲಿ ತೆಳುವಾದ ಪೊರೆ ಇರುತ್ತದೆ. ತೆಳು ತಂತಿಯ ಗಾಳ ಅಲ್ಲಿ ಸಲೀಸಾಗಿ ಇಳಿಯುತ್ತದೆ. ಕೊರವನ ಬಾಯಿ ಹಾಗಲ್ಲ. ದವಡೆಯೆಲ್ಲ ಮೂಳೆ, ಮೇಲೆ ಹಲ್ಲು. ಗಾಳ ಮೂಳೆಯ ಮೇಲೆ ಜಾರಿ ಬಾಯಿಯ ಮೂಲೆಗೆ ಬಂದು ಕೂತರೆ ಮೀನು ನಮ್ಮದು. ಮೂಳೆಗೇ ತಗುಲಿ ನಿಂತರೆ ತೆಳು ಗಾಳ ಬಾಯಿ ಬಿಡುತ್ತದೆ.

ಡಬ್ಬಿಯಲ್ಲಿದ್ದ 1/0 ತೆಳು ಗಾಳವನ್ನು ವೈಸ್‌ಗೆ ಕಚ್ಚಿಸಿ, ಸ್ಪ್ರಿಂಗ್ ತಕ್ಕಡಿ ಹಾಕಿ ಎಳೆದೆ. ನಾಲ್ಕು ಕೆಜಿ ದಾಟುವಷ್ಟರಲ್ಲಿ ಬಾಗು ಅಗಲವಾಗತೊಡಗಿತು. ಅದೇ ತಕ್ಕಡಿಗೆ ದಪ್ಪ ತಂತಿಯ 5/0 ಸಿಕ್ಕಿಸಿದೆ, ಹತ್ತು ಕೆಜಿಗೂ ಅಲ್ಲಾಡಲಿಲ್ಲ. ಹೊಸಬರಿಗೆ ಒಂದು ಮಾತು: ಗಾಳದ ನಂಬರಿನಲ್ಲಿ ಗೊಂದಲ ಜಾಸ್ತಿ. ಬರೀ ನಂಬರಾದರೆ ಅದು ಏರಿದಂತೆ ಗಾಳ ಚಿಕ್ಕದು, 8 ಅಂದರೆ 4ಕ್ಕಿಂತ ಸಣ್ಣ. ನಂಬರಿನ ಕೊನೆಗೆ /0 ಬಂದರೆ ಉಲ್ಟಾ, 5/0 ಅಂದರೆ 1/0ಗಿಂತ ದೊಡ್ಡದು.

ಆರಿಸಿಕೊಂಡಿದ್ದು ಅಗಲ ಬಾಗಿನ ಆಫ್‌ಸೆಟ್ ಗಾಳ, ದಪ್ಪ ತಂತಿ, 4/0 ಮತ್ತು 5/0. ಗಾಳದ ಕಣ್ಣಿನ (ಲೈನ್ ಕಟ್ಟುವ ತೂತಿನ) ಹತ್ತಿರ ಒಂದು ಸಣ್ಣ ಸ್ಪ್ರಿಂಗ್ ಇರುವ ನಮೂನೆ. ಲ್ಯೂರ್‌ನ ಮೂತಿಯನ್ನು ಆ ಸ್ಪ್ರಿಂಗಿಗೆ ತಿರುಗಿಸಿ ಕೂರಿಸುವುದು, ಗಾಳದ ಮೊನೆಯನ್ನು ಹೊಟ್ಟೆಯಿಂದ ತೂರಿಸಿ ಬೆನ್ನ ಮೇಲೆ ತಂದು, ಮತ್ತೆ ಚರ್ಮಕ್ಕಷ್ಟೇ ಚುಚ್ಚಿ ಅಡಗಿಸುವುದು. ಬಾಸ್‌ನವರು ಟೆಕ್ಸಾಸ್ ರಿಗ್ ಅನ್ನುತ್ತಾರಲ್ಲ, ಅದರದೇ ಇನ್ನೊಂದು ರೂಪ. ಮೊನೆ ಹೊರಗೆ ಕಾಣದ ಕಾರಣ ಜೊಂಡಿನಲ್ಲೂ ತಾವರೆ ಎಲೆಯ ಮೇಲೂ ಎಳೆದು ತರಬಹುದು.

ನಮ್ಮ ಕೆರೆಗಳಲ್ಲಿ ಇದು ಇನ್ನೂ ಮುಖ್ಯ. ಮಳೆ ಕೈಕೊಟ್ಟ ವರ್ಷಗಳಲ್ಲಿ ಕೆರೆ ಅಂಗಳದ ತುಂಬ ಬಳ್ಳಾರಿ ಜಾಲಿ ಎದ್ದು ನಿಲ್ಲುತ್ತದೆ. ಆಮೇಲೆ ನೀರು ತುಂಬಿದರೆ ಆ ಮುಳ್ಳೆಲ್ಲಾ ಕೆಳಗೇ ಇರುತ್ತದೆ. ಬಿಚ್ಚುಮೊನೆಯ ಗಾಳ ಅಲ್ಲಿಗೆ ಹೋದರೆ ಮೀನಿಗಿಂತ ಮೊದಲು ಜಾಲಿ ಹಿಡಿಯುತ್ತದೆ.

ಮೊನೆಯನ್ನು ಉಗುರಿನ ಮೇಲೆ ಇಟ್ಟು ಮೆಲ್ಲಗೆ ಎಳೆಯಿರಿ. ಗೀರಿ ನಿಂತರೆ ಚೂಪು, ಜಾರಿದರೆ ಮೊಂಡು. ಮೊಂಡಾದದ್ದಕ್ಕೆ ಸಣ್ಣ ಚಪ್ಪಟೆ ಅರದಿಂದ ಮೊನೆಯ ಕಡೆಗೆ ಮೂರ್ನಾಲ್ಕು ಎಳೆತ ಸಾಕು.

ಲೈನ್

ಫ್ಲೋರೋಕಾರ್ಬನ್ ಬಿಚ್ಚಿ ತೆಗೆದಿಟ್ಟೆ. ಅದು ಕೆಟ್ಟದ್ದು ಅಂತ ಅಲ್ಲ. ತಿಳಿನೀರಿನ ಬಾಸ್‌ಗೆ ಅದು ಸರಿ, ನೀರಲ್ಲಿ ಅಷ್ಟಾಗಿ ಕಾಣುವುದಿಲ್ಲ. ಆದರೆ ಅದರ ಸಾಂದ್ರತೆ ಸುಮಾರು 1.78, ನೀರಿಗಿಂತ ತುಂಬಾ ಭಾರ. ಮೇಲೆ ಪಟಪಟ ಅಂತ ಕಾಲು ಬಡಿಯುತ್ತಾ ಬರಬೇಕಾದ ಕಪ್ಪೆಯ ಮೂತಿಯನ್ನು ಕೆಳಕ್ಕೆ ಎಳೆಯುತ್ತದೆ. ಒಂದೇ ಎಳೆಯ ನೈಲಾನ್ ಲೈನ್, ಅಂದರೆ ಮೊನೊ, 1.14ರ ಆಸುಪಾಸು, ನಿಧಾನವಾಗಿ ಮುಳುಗುತ್ತದೆ. ಬ್ರೇಡ್ ಪಾಲಿಎಥಿಲೀನ್ ಎಳೆಗಳನ್ನು ಹೆಣೆದ ಲೈನ್, 0.97. ತೇಲುತ್ತದೆ. ಕಪ್ಪೆಗೆ ತೇಲುವುದೇ ಬೇಕು.

ಇನ್ನೊಂದು ಕಾರಣ ಹಿಗ್ಗು. ಮೊನೊ ಎಳೆದರೆ ಚೆನ್ನಾಗಿ ಹಿಗ್ಗುತ್ತದೆ. ಮೂವತ್ತು ಮೀಟರ್ ಆಚೆ ದಪ್ಪ ಗಾಳವನ್ನು ಮೂಳೆ ಬಾಯಿಗೆ ಇಳಿಸಬೇಕಾದರೆ ನಮ್ಮ ಎಳೆತದ ಅರ್ಧ ಜೋರು ಆ ಹಿಗ್ಗಿನಲ್ಲೇ ಹೋಗುತ್ತದೆ. ಬ್ರೇಡ್ ಹಿಗ್ಗುವುದಿಲ್ಲ ಅಂತಲೇ ಹೇಳಬಹುದು.

ಹಾಕಿದ್ದು 40 ಪೌಂಡಿನ ನಾಲ್ಕೆಳೆ ಬ್ರೇಡ್. ಎಂಟೆಳೆಯದು ನುಣುಪು, ದೂರ ಹೋಗುತ್ತದೆ, ಸದ್ದೂ ಕಡಿಮೆ. ಆದರೆ ಮುಳ್ಳಿಗೆ, ಕಲ್ಲಿಗೆ ಉಜ್ಜುವ ಕಡೆ ನನಗೆ ನಾಲ್ಕೆಳೆಯದರ ಮೇಲೇ ನಂಬಿಕೆ. ಅದರ ಒಂದೊಂದು ಎಳೆಯೂ ದಪ್ಪ.

ರಾಡ್ ಮೇಲೆ 10ರಿಂದ 17 ಪೌಂಡ್ ಅಂತ ಬರೆದಿದೆಯಲ್ಲ, 40 ಯಾಕೆ ಅಂತ ಕೇಳಬಹುದು. 40 ಪೌಂಡಿನ ಬ್ರೇಡ್ ಹೆಚ್ಚುಕಡಿಮೆ 10-12 ಪೌಂಡಿನ ಮೊನೊದಷ್ಟೇ ದಪ್ಪ. ಇನ್ನೂ ತೆಳುವಾದದ್ದು ಹಾಕಿದರೆ ಸ್ಪೂಲಿನೊಳಗೆ ತನ್ನ ಮೇಲೆ ತಾನೇ ಕುಯ್ದುಕೊಂಡು ಕೂರುತ್ತದೆ. ನಾನು ಕೊಂಡಿದ್ದು ದಪ್ಪಕ್ಕೆ, ಉಜ್ಜಿದರೆ ತಡೆದುಕೊಳ್ಳುವುದಕ್ಕೆ. ಪೂರ್ತಿ 40 ಪೌಂಡ್ ಎಳೆಯುವುದಕ್ಕಲ್ಲ. ರಾಡ್ ಉಳಿಸುವ ಕೆಲಸ ರೀಲಿನ ಬ್ರೇಕಿನದು, ಅಂದರೆ ಡ್ರ್ಯಾಗ್‌ನದು. ತಕ್ಕಡಿಗೆ ಲೈನ್ ಕಟ್ಟಿ, ಮೂರು ಕೆಜಿಗೆ ರೀಲ್ ಬಿಡುವಂತೆ ಡ್ರ್ಯಾಗ್ ಇಟ್ಟಿದ್ದೇನೆ. ಲೈನ್ ಜಾಲಿಗೆ ಸಿಕ್ಕಿಕೊಂಡರೆ ರಾಡ್ ಬಾಗಿಸಿ ಎಳೆಯಬಾರದು. ರಾಡನ್ನು ಲೈನಿನ ನೇರಕ್ಕೆ ಹಿಡಿದು, ಕೈಗೆ ಬಟ್ಟೆ ಸುತ್ತಿಕೊಂಡು ಲೈನನ್ನೇ ಎಳೆಯಬೇಕು. ಬರಿಗೈಗೆ ಬ್ರೇಡ್ ಸುತ್ತಿದರೆ ಬೆರಳು ಕುಯ್ಯುತ್ತದೆ.

ಬ್ರೇಡ್ ಸುತ್ತುವ ಮೊದಲು ಸ್ಪೂಲಿಗೆ ಕೆಲವು ಸುತ್ತು ಮೊನೊ ಹಾಕಿ. ಇಲ್ಲದಿದ್ದರೆ ನುಣುಪಾದ ಸ್ಪೂಲಿನ ಮೇಲೆ ಇಡೀ ಬ್ರೇಡ್ ಗುಂಡಗೆ ತಿರುಗುತ್ತದೆ, ಡ್ರ್ಯಾಗ್ ಕೆಟ್ಟಿದೆ ಅನ್ನಿಸಿಬಿಡುತ್ತದೆ. ತುದಿಗೆ ಒಂದೂವರೆ ಅಡಿ 40 ಪೌಂಡಿನ ಮೊನೊ ಲೀಡರ್, ಅಂದರೆ ಬ್ರೇಡಿಗೂ ಗಾಳಕ್ಕೂ ನಡುವಿನ ತುಂಡು. ಗಾಳಕ್ಕೆ ಪಾಲೋಮರ್ ಗಂಟು: ಲೈನನ್ನು ಜೋಡಿ ಮಾಡಿ ಗಾಳದ ಕಣ್ಣಿಗೆ ತೂರಿಸಿ, ಒಂದು ಸಡಿಲ ಗಂಟು ಹಾಕಿ, ಉಳಿದ ಕುಣಿಕೆಯೊಳಗಿಂದ ಗಾಳವನ್ನೇ ದಾಟಿಸಿ, ಎಂಜಲು ಹಚ್ಚಿ ಬಿಗಿಯುವುದು. ಒಣಗಿದ್ದಾಗಲೇ ಬಿಗಿದರೆ ಉಜ್ಜಿದ ಬಿಸಿಗೆ ಲೈನ್ ಸೊರಗುತ್ತದೆ.

ರಾಡ್: ಮುರಿದದ್ದೇ ಲಾಭ

ರಾಡ್ ಮೀಡಿಯಂ ಹೆವಿ, ಫಾಸ್ಟ್ ಆಕ್ಷನ್. ಮೀಡಿಯಂ ಹೆವಿ ಅಂದರೆ ಬಾಗಿಸಲು ಎಷ್ಟು ಜೋರು ಬೇಕು ಅನ್ನುವ ಮಾತು. ಫಾಸ್ಟ್ ಅಂದರೆ ಎಲ್ಲಿಂದ ಬಾಗುತ್ತದೆ ಅನ್ನುವುದು, ಇಲ್ಲಿ ತುದಿಯ ಕಾಲು ಭಾಗ ಮಾತ್ರ. ತೂಕ 7ರಿಂದ 18 ಗ್ರಾಂ ಎಸೆಯಬಹುದು ಅಂತ ಬರೆದಿದೆ. ಕೊರವನಿಗೆ ತುದಿ ಸ್ವಲ್ಪ ಮೆದು ಅಂತ ಮೊದಲೇ ಅನ್ನಿಸಿತ್ತು. ಮೂರು ಇಂಚು ಹೋದ ಮೇಲೆ ತುದಿ ಗಟ್ಟಿಯಾಯಿತು. ದಪ್ಪ ಗಾಳಕ್ಕೆ ಇದೇ ಬೇಕಿತ್ತು ಅಲ್ವಾ? ಐದು ಗ್ರಾಂನ ಸಣ್ಣ ಹುಳು ಎಸೆಯುವ ಸುಖ ಹೋಯಿತು, ಅದು ನನಗೆ ಬೇಡ.

ಮುರಿದ ಜಾಗದಲ್ಲಿ ಕಾರ್ಬನ್ ಸೀಳಿಕೊಂಡಿತ್ತು. ಸೀಳು ಮುಗಿಯುವ ತನಕ ಕತ್ತರಿಸಲೇಬೇಕು. ಕಟಿಂಗ್ ಪ್ಲೇಯರ್ ಹಾಕಿದರೆ ಕೊಳವೆ ಜಜ್ಜಿಹೋಗಿ ಸೀಳು ಇನ್ನೂ ಕೆಳಕ್ಕೆ ಓಡುತ್ತದೆ. ಸಣ್ಣ ಅರದಿಂದ ಸುತ್ತಲೂ ಗೆರೆ ಹಾಕುತ್ತಾ ಕೊಯ್ದೆ. ಆಮೇಲೆ ನೀರಿನ ಉಪ್ಪುಕಾಗದದಲ್ಲಿ ಒದ್ದೆ ಮಾಡಿಯೇ ತಿಕ್ಕಿದೆ. ಕಾರ್ಬನ್ ಪುಡಿ ಉಸಿರಿಗೆ ಹೋಗಬಾರದು, ಚರ್ಮಕ್ಕೂ ನವೆ.

ಹೊಸ ತುದಿ ರಿಂಗ್ ಆರಿಸಲು ಅದರ ಕೊಳವೆಯ ಒಳಅಳತೆ ಬೇಕು. ಡ್ರಿಲ್ ಬಿಟ್ ಡಬ್ಬಿಯ ತೂತುಗಳಿಗೆ ರಾಡ್ ತುದಿ ತೂರಿಸಿ ನೋಡಿದರೆ ಅಳತೆ ಸಿಗುತ್ತದೆ. ನನ್ನದು 2.4 ಮಿಲಿಮೀಟರಿಗೆ ಬಂತು. ಅಂಟಿಸುವುದಕ್ಕೆ ಎಪಾಕ್ಸಿ ಬೇಡ, ಗ್ಲೂ ಗನ್ ಕಡ್ಡಿಯೇ ಸರಿ. ಕಡ್ಡಿ ಕರಗಿಸಿ ತುದಿಗೆ ಸವರಿ, ರಿಂಗ್ ಕೂರಿಸಿ, ಉಳಿದ ಗೈಡ್‌ಗಳ (ರಾಡಿನುದ್ದಕ್ಕೂ ಲೈನ್ ಹಾಯುವ ರಿಂಗ್‌ಗಳ) ಸಾಲಿಗೆ ಕಣ್ಣಳತೆ ಹಿಡಿದು ತಿರುಗಿಸಿದರೆ ಆಯಿತು. ಮುಂದೆ ಮತ್ತೆ ಒಡೆದರೆ ಲೈಟರ್ ತೋರಿಸಿದಾಗ ಬಿಚ್ಚಿಕೊಳ್ಳುತ್ತದೆ.

ಇಲ್ಲಿಗೆ ಮುಗಿಯಲಿಲ್ಲ. ತುದಿ ಕೆಳಗೆ ಬಂದ ಮೇಲೆ ಮೊದಲ ಗೈಡ್ ಅದಕ್ಕೆ ತೀರಾ ಹತ್ತಿರವಾಯಿತು, ಒಂದೇ ಇಂಚು. ಅದನ್ನು ಬಿಚ್ಚಿ ಕೆಳಗೆ ಸರಿಸಬೇಕು. ಜೊತೆಗೆ ಎಲ್ಲಾ ಗೈಡ್‌ಗಳ ಒಳರಿಂಗಿಗೆ ಹತ್ತಿ ಹಾಕಿ ಉಜ್ಜಿ ನೋಡಿದೆ. ಕಣ್ಣಿಗೆ ಕಾಣದ ಬಿರುಕಿದ್ದರೆ ಹತ್ತಿಯ ಎಳೆ ಸಿಕ್ಕಿಕೊಳ್ಳುತ್ತದೆ. ಮೂರನೆಯದರಲ್ಲಿ ಸಿಕ್ಕಿತು. ಅಂಥ ಬಿರುಕಿನ ಮೇಲೆ ಬ್ರೇಡ್ ಓಡಿದರೆ ಪ್ರತಿ ಎಸೆತಕ್ಕೂ ಒಂದಿಷ್ಟು ಸವೆಯುತ್ತದೆ, ಮೀನು ಬಿದ್ದಾಗಲೇ ತುಂಡಾಗುತ್ತದೆ. ಹಾಗಾಗಿ ಎರಡು ಗೈಡ್ ಕೆಲಸ.

ಗೈಡನ್ನು ರಾಡಿಗೆ ಕಟ್ಟಿದ ಹಳೇ ದಾರದ ಸುತ್ತನ್ನು ಕೊಯ್ಯುವಾಗ ಬ್ಲೇಡು ಗೈಡ್‌ನ ಕಾಲಿನ ಮೇಲೆಯೇ ಓಡಬೇಕು. ರಾಡಿಗೆ ಒಂದು ಗೀರು ಬಿದ್ದರೂ ಮುಂದೆ ಅಲ್ಲೇ ಮುರಿಯುತ್ತದೆ. ಕೂದಲು ಒಣಗಿಸುವ ಡ್ರೈಯರಿನಿಂದ ಬೆಚ್ಚಗೆ ಮಾಡಿದರೆ ಹಳೇ ಎಪಾಕ್ಸಿ ಮೆತ್ತಗಾಗಿ ಉಗುರಿಗೇ ಏಳುತ್ತದೆ.

ದಾರಕ್ಕೆ ಆನ್‌ಲೈನ್ ಹುಡುಕಬೇಕಾಗಿಲ್ಲ. ಹತ್ತಿ ಗಿರಣಿಗಳ ಕಾಲದಲ್ಲಿ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರು ಇದು. ಗಿರಣಿ ಹೋದರೂ ಟೈಲರ್ ಸಾಮಾನಿನ ಅಂಗಡಿಗಳಿಗೆ ಬರವಿಲ್ಲ. ಎಂಬ್ರಾಯ್ಡರಿ ಮಷಿನ್ನಿನ ಪಾಲಿಯೆಸ್ಟರ್ ದಾರ ಕೇಳಿದೆ. "ಯಾವ ಬ್ಲೌಸಿಗ್ರೀ?" ಅಂದರು ಅಂಗಡಿಯ ಅಜ್ಜ. ಮೀನಿನ ಕೋಲಿಗೆ ಅಂದೆ. ಒಂದು ಕ್ಷಣ ನನ್ನ ಮುಖ ನೋಡಿ, "ಹಂಗಾದ್ರ ಕರೀದು ತಗೋರಿ, ಕೆಸರು ಕಾಣಲ್ಲ" ಅಂದರು. ಕರಿಯನ್ನೇ ತಂದೆ.

ಗೈಡ್‌ನ ಕಾಲಿನ ತುದಿಯನ್ನು ಅರದಿಂದ ಇಳಿಜಾರು ಮಾಡಿದರೆ ದಾರ ಎಡವದೆ ಹತ್ತುತ್ತದೆ. ದಾರಕ್ಕೆ ಬಿಗಿ ಬೇಕು. ದಪ್ಪ ಡಿಕ್ಷನರಿಯ ಹಾಳೆಗಳ ನಡುವೆ ದಾರ ಹಾಯಿಸಿ, ಮೇಲೆ ಇನ್ನೊಂದು ಪುಸ್ತಕ ಹೇರಿ, ರಾಡನ್ನು ಕೈಯಲ್ಲಿ ತಿರುಗಿಸುತ್ತಾ ಸುತ್ತಿದೆ. ಕೊನೆಯ ಏಳೆಂಟು ಸುತ್ತಿನ ಕೆಳಗೆ ಒಂದು ಬೇರೆ ದಾರದ ಕುಣಿಕೆ ಇಟ್ಟು ಸುತ್ತಿ, ತುದಿಯನ್ನು ಆ ಕುಣಿಕೆಗೆ ಹಾಕಿ ಎಳೆದರೆ ಗಂಟಿಲ್ಲದೆ ಒಳಗೆ ಸೇರಿಕೊಳ್ಳುತ್ತದೆ. ಹೊಳಪು ಕೊಡುವ ಮುಂಚೆ ಲೈನ್ ಹಾಯಿಸಿ ರಾಡನ್ನು ಬಾಗಿಸಿ ನೋಡಲೇಬೇಕು. ಲೈನು ರಾಡಿನ ಬಾಗನ್ನು ಒಂದೇ ಸಮ ಹಿಂಬಾಲಿಸಬೇಕು. ಎಲ್ಲಾದರೂ ಮೂಲೆ ಮುರಿದಂತೆ ತಿರುಗಿದರೆ ಗೈಡನ್ನು ಒಂದಿಷ್ಟು ಆಚೀಚೆ ಸರಿಸಿ. ಈ ಹೊತ್ತಿನಲ್ಲಿ ಅದು ಇನ್ನೂ ಜರುಗುತ್ತದೆ.

ಸುತ್ತಿದ ದಾರದ ಮೇಲೆ ಹೊಳಪಿಗೆ ಬಳಿಯಲು ಐದು ನಿಮಿಷಕ್ಕೆ ಗಟ್ಟಿಯಾಗುವ ಎಪಾಕ್ಸಿ ಬೇಡ. ಸಮನಾಗಿ ಹರಡುವ ಮುಂಚೆಯೇ ಹೆಪ್ಪುಗಟ್ಟುತ್ತದೆ. ನಿಧಾನದ್ದು ತಗೊಂಡು, ಮೆಡಿಕಲ್ ಶಾಪಿನ ಎರಡು ಸಿರಿಂಜಿನಲ್ಲಿ ಅಳೆದು ಬೆರೆಸಿ. ಪ್ಯಾಕೆಟ್ ಮೇಲೆ ಹೇಳಿದ ಪ್ರಮಾಣ ತಪ್ಪಿದರೆ ಅಂಟಂಟಾಗಿಯೇ ಉಳಿಯುತ್ತದೆ. ಆದರೆ ನಿಧಾನದ ಎಪಾಕ್ಸಿಗೆ ಒಂದು ಕಾಟ ಇದೆ, ರಾಡ್ ಸುಮ್ನೆ ಮಲಗಿದ್ದರೆ ಎಲ್ಲಾ ಕೆಳಕ್ಕೆ ಇಳಿದು ಹನಿಯಾಗುತ್ತದೆ. ಗಂಟೆಗಟ್ಟಲೆ ತಿರುಗುತ್ತಲೇ ಇರಬೇಕು.

ಇದಕ್ಕೆ ಸಿಕ್ಕ ಉಪಾಯ ಹಾಳಾದ ಮೈಕ್ರೋವೇವ್. ಅದರ ಗಾಜಿನ ತಟ್ಟೆ ತಿರುಗಿಸುವ ಪುಟ್ಟ ಮೋಟರು ನಿಮಿಷಕ್ಕೆ ಐದಾರು ಸುತ್ತು ಹಾಕುತ್ತದೆ. ರಾಡಿಗೆ ಅಷ್ಟೇ ಬೇಕು. ರಿಪೇರಿ ಅಂಗಡಿಯ ಹುಡುಗನ ಕೈಲೇ ತೆಗೆಸಿದೆ. ಮೈಕ್ರೋವೇವ್ ಒಳಗಿನ ಕೆಪಾಸಿಟರ್‌ನಲ್ಲಿ ಪ್ಲಗ್ ಕಿತ್ತ ಮೇಲೂ ಕೊಲ್ಲುವಷ್ಟು ಕರೆಂಟ್ ಉಳಿದಿರುತ್ತದೆ, ನಾವು ಬಿಚ್ಚುವ ಪೆಟ್ಟಿಗೆ ಅಲ್ಲ ಅದು. ಮೋಟರಿನ ಮೇಲೆ 220 ವೋಲ್ಟ್ ಅಂತ ಇದೆಯೋ 21 ಅಂತ ಇದೆಯೋ ನೋಡಿಯೇ ಕೊಳ್ಳಿ, ಎರಡೂ ಬರುತ್ತವೆ. ಮೋಟರಿನ ಅಚ್ಚಿಗೆ ಬಾಟಲಿ ಮುಚ್ಚಳ ಸಿಕ್ಕಿಸಿ, ಅದರೊಳಗೆ ರಾಡಿನ ಹಿಡಿಯನ್ನು ಬಟ್ಟೆ ತುರುಕಿ ಕೂರಿಸಿದೆ. ಇನ್ನೊಂದು ತುದಿಗೆ ರಟ್ಟಿನ ಪೆಟ್ಟಿಗೆಯಲ್ಲಿ ವಿ ಆಕಾರದ ಕಚ್ಚು. ರಾತ್ರಿಯಿಡೀ ಹಾಲ್‌ನಲ್ಲಿ ತಿರುಗಿತು. ಮನೆಯವಳು "ಕೋಳಿ ಸುಡೋ ಮಷಿನ್ನಾ?" ಅಂತ ಕೇಳಿದಳು.

ಲ್ಯೂರ್ ಎರಕ

ಹರಿದ ಸಾಫ್ಟ್ ಲ್ಯೂರ್‌ಗಳನ್ನು ಬಿಸಾಡುವುದಕ್ಕಿಂತ ಕರಗಿಸಿ ಮತ್ತೆ ಎರೆಯಬಹುದು. ಬಹುತೇಕ ಇವು ಪಿವಿಸಿ ಮತ್ತು ಮೆದು ಮಾಡುವ ಎಣ್ಣೆಯ ಮಿಶ್ರಣ. ರಬ್ಬರ್ ಬ್ಯಾಂಡಿನಂತೆ ಎಷ್ಟೆಳೆದರೂ ಹರಿಯದ ಇನ್ನೊಂದು ಜಾತಿ ಬರುತ್ತದೆ, ಅದನ್ನು ಇದಕ್ಕೆ ಬೆರೆಸಬಾರದು. ಬಣ್ಣವಾರು ಬೇರ್ಪಡಿಸಿದೆ. ಕಪ್ಪು, ನೀಲಿ, ಗಾಢ ಕಂದು ಒಂದು ಕಡೆ. ಭದ್ರಾ ನಾಲೆಯ ಬಸಿನೀರು ಸೇರುವ ಕೆರೆಗಳಲ್ಲಿ ನೀರು ಕೆಂಪಗೆ, ಕದಡಿಕೊಂಡೇ ಇರುತ್ತದೆ. ಅಲ್ಲಿ ಕೆಳಗಿನಿಂದ ನೋಡುವ ಮೀನಿಗೆ ಕಪ್ಪು ನೆರಳೇ ಚೆನ್ನಾಗಿ ಕಾಣುವುದು. ತಿಳಿ ಬಣ್ಣಗಳೆಲ್ಲ ಡಬ್ಬಿಗೆ.

ಆಕಾರಕ್ಕೆ ಕಪ್ಪೆಯನ್ನೇ ಆರಿಸಿದೆ. ಸುತ್ತಲೂ ಭತ್ತದ ಗದ್ದೆ, ಕೊರವ ದಿನಾ ತಿನ್ನುವುದು ಅದನ್ನೇ. ಹೊಟ್ಟೆ ಟೊಳ್ಳಾದ ಕಪ್ಪೆಯನ್ನು ಮನೆಯಲ್ಲಿ ಎರೆಯುವುದು ಕಷ್ಟ. ಒಳಗೆ ಗಟ್ಟಿಯಾಗಿದ್ದು, ಎಳೆದಾಗ ಎರಡು ಕಾಲು ನೀರು ಬಡಿಯುವ ನಮೂನೆ ಸಲೀಸು. ಉದ್ದ ಹುಳುವಿಗೆ ಬಾಸ್‌ನವರು ಎಷ್ಟೇ ಪ್ರಾಣ ಬಿಟ್ಟರೂ ನನಗೆ ಅದು ಇಲ್ಲಿ ಒಗ್ಗಲಿಲ್ಲ. ಜಿಲೇಬಿ ಮೀನುಗಳು ಬಂದು ಬಾಲ ಕಚ್ಚಿ ಕಚ್ಚಿ ತುಂಡು ಮಾಡುತ್ತವೆ.

ಹರಿಯದೆ ಉಳಿದ ಒಂದು ಕಪ್ಪೆಯನ್ನೇ ಮಾದರಿ ಮಾಡಿ, ಪೇಂಟ್ ಅಂಗಡಿಯ ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಎರಡು ಹೋಳಿನ ಅಚ್ಚು ಎತ್ತಿದೆ. ಎರಡು ಪಾಲು ಪುಡಿ, ಒಂದು ಪಾಲು ನೀರು. ಮೊದಲ ಹೋಳು ಗಟ್ಟಿಯಾದ ಮೇಲೆ ಅದರ ಮುಖಕ್ಕೆ ವ್ಯಾಸಲಿನ್ ಸವರಿ ಎರಡನೆಯದು ಹೊಯ್ಯಬೇಕು, ಇಲ್ಲದಿದ್ದರೆ ಎರಡೂ ಒಂದಾಗಿಬಿಡುತ್ತವೆ. ಸುರಿಯುವ ಬಾಯಿ, ಗಾಳಿ ಹೋಗಲು ಕಾಲುಗಳ ತುದಿಯಿಂದ ಸಣ್ಣ ಗೀರು ಬಿಟ್ಟುಕೊಳ್ಳಿ. ಆಮೇಲೆ ತಾರಸಿಯ ಬಿಸಿಲಲ್ಲಿ ಅಚ್ಚು ಕಟಕಟ ಒಣಗಬೇಕು. ಒಳಗೆ ನೀರಿನ ಪಸೆ ಉಳಿದಿದ್ದರೆ ಬಿಸಿ ಪ್ಲಾಸ್ಟಿಕ್ ಬಿದ್ದ ಕೂಡಲೇ ಆವಿಯಾಗಿ ಮುಖಕ್ಕೆ ಸಿಡಿಯುತ್ತದೆ. ಚಿತ್ರದುರ್ಗ-ದಾವಣಗೆರೆಯ ಏಪ್ರಿಲ್ ಬಿಸಿಲು ಈ ಒಂದು ಕೆಲಸಕ್ಕಾದರೂ ಒಳ್ಳೆಯದು. ಒಣಗಿದ ಮೇಲೆ ಒಳಮುಖಕ್ಕೆ ತೆಳುವಾಗಿ ಎಪಾಕ್ಸಿ ಸವರಿದರೆ ಲ್ಯೂರ್ ನುಣುಪಾಗಿ ಬಿಡಿಸಿಕೊಂಡು ಬರುತ್ತದೆ.

ಕರಗಿಸಿದ್ದು ತಾರಸಿಯಲ್ಲಿ, ಗಾಳಿ ಬೆನ್ನಿಗೆ ಬರುವಂತೆ ಕೂತು. ಅಡಿ ದಪ್ಪದ ಹಳೇ ಸ್ಟೀಲ್ ಪಾತ್ರೆ, ಸಣ್ಣ ಉರಿ. ಆ ಪಾತ್ರೆ ಇನ್ನು ಅಡುಗೆಮನೆಗೆ ಹೋಗುವಂತಿಲ್ಲ. ಥರ್ಮಾಮೀಟರ್ 170 ಡಿಗ್ರಿ ಸೆಲ್ಸಿಯಸ್ ದಾಟುವ ಹೊತ್ತಿಗೆ ಉಂಡೆಗಳೆಲ್ಲ ಕರಗಿ ಜೇನುತುಪ್ಪದ ಹದಕ್ಕೆ ಬರುತ್ತದೆ. 180 ದಾಟಲು ಬಿಡಬಾರದು. ಹೊಗೆ ಎದ್ದು ಕಣ್ಣು, ಗಂಟಲು ಉರಿಯತೊಡಗಿದರೆ ಪಿವಿಸಿ ಒಡೆದು ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತಿದೆ ಅಂತ ಅರ್ಥ. ಉರಿ ಆರಿಸಿ ದೂರ ಹೋಗಬೇಕು. ಬಟ್ಟೆಯ ಮಾಸ್ಕ್ ಅದನ್ನು ತಡೆಯುವುದಿಲ್ಲ. ತೋಳಿನ ಅಂಗಿ, ಕನ್ನಡಕ, ಚರ್ಮದ ಕೈಗವಸು ಇಲ್ಲದೆ ಕೂರಬೇಡಿ, ಮಕ್ಕಳನ್ನು ಮೇಲೆ ಬಿಡಬೇಡಿ.

ದೂರ ಎಸೆಯಲು ತೂಕ ಬೇಕಿತ್ತು. ಪುಡಿಯುಪ್ಪನ್ನು ಬಾಣಲೆಯಲ್ಲಿ ಚೆನ್ನಾಗಿ ಹುರಿದು ಪಸೆ ತೆಗೆದು ಒಂದು ಚಮಚ ಬೆರೆಸಿದೆ. ಕಪ್ಪೆ, ಗಾಳ ಸೇರಿ ಸುಮಾರು 16 ಗ್ರಾಂ ತೂಗಿತು, ರಾಡಿನ ಮಿತಿಯೊಳಗೇ. ಉಪ್ಪು ಜಾಸ್ತಿಯಾದರೆ ಮೈ ಬೇಗ ಹರಿಯುತ್ತದೆ, ನಿಂತ ತಕ್ಷಣ ಮುಳುಗುತ್ತದೆ. ಬಿಡಿಸಿದ ಕಪ್ಪೆಗಳನ್ನು ಬೋಗುಣಿ ನೀರಿನಲ್ಲಿ ಕಾಲು ನೇರವಾಗಿ ಚಾಚಿ ಮಲಗಿಸಿ. ಸೊಟ್ಟಗೆ ಆರಿದರೆ ಎಳೆದಾಗ ಸುತ್ತುತ್ತದೆ, ಲೈನೆಲ್ಲ ಹುರಿಗಟ್ಟುತ್ತದೆ. ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಡಬೇಡಿ, ಒಳಗಿನ ಎಣ್ಣೆ ಕೆಲವು ಡಬ್ಬಿಗಳನ್ನೇ ಕರಗಿಸುತ್ತದೆ. ಜಿಪ್ ಪೌಚಿನಲ್ಲಿ, ಬಣ್ಣ ಬೇರೆ ಬೇರೆ ಮಾಡಿ ಇಟ್ಟರೆ ಸರಿ.

ನೀರಿಗೆ

ಹರಿಹರದ ಕಡೆಯ ಒಂದು ಸಣ್ಣ ಕೆರೆಗೆ ಹೋದೆವು. ನಮ್ಮ ಕಡೆ ಕೆರೆಗಳನ್ನು ಮೀನಿಗೆ ಗುತ್ತಿಗೆ ಕೊಟ್ಟಿರುತ್ತಾರೆ. ಗುತ್ತಿಗೆಯವರನ್ನೋ ಮೀನುಗಾರರ ಸಂಘದವರನ್ನೋ ಕೇಳದೆ ಲೈನ್ ಹಾಕುವುದು ಕಳ್ಳತನವೇ. ಕೇಳಿದರೆ ಕೊರವಕ್ಕೆ ಬೇಡ ಅನ್ನುವವರು ಕಡಿಮೆ, ಅವರು ಬಿಟ್ಟ ಕಾಟ್ಲ, ರೋಹು ಮರಿಗಳನ್ನು ತಿನ್ನುವುದೇ ಅದು. ಸೂಳೆಕೆರೆಯಂಥ ದೊಡ್ಡ ನೀರಿಗೆ ಈ ಸೆಟ್ ತರಬೇಡಿ, ದಂಡೆಯ ಜೊಂಡು ಬಿಟ್ಟರೆ ಇದಕ್ಕೆ ಅಲ್ಲಿ ಕೆಲಸವಿಲ್ಲ.

ಏರಿಯ ಮೇಲೆ ಬಿದಿರು ಕೋಲು ಹಿಡಿದು ಕೂತಿದ್ದ ಅಜ್ಜ ಗಾಳ ನೋಡಿ, "ಏನಪ್ಪಾ ತಮ್ಮಾ, ಇದು ಮೀನಿಗೋ ಮೊಸಳೆಗೋ?" ಅಂದರು. ಒಂದು ಕಡೆ ಕೆಂಪು ಮರಿಗಳ ಗುಂಪು ನೀರ ಮೇಲೆ ಕುದಿಯುವಂತೆ ಓಡಾಡುತ್ತಿತ್ತು. ಅದರ ಕೆಳಗೆ ತಂದೆ-ತಾಯಿ ಕೊರವ ಕಾವಲು ಇರುತ್ತವೆ, ಏನು ಹಾಕಿದರೂ ನುಗ್ಗುತ್ತವೆ. ಅದಕ್ಕೇ ಅಲ್ಲಿ ಹಾಕಬಾರದು. ಅವನ್ನು ತೆಗೆದರೆ ಆ ಮರಿಗಳನ್ನು ಕಾಯುವವರಿಲ್ಲ.

ಆಚೆಯ ಜೊಂಡಿನ ಪಕ್ಕಕ್ಕೆ ಎಸೆದೆ. ಗಟ್ಟಿ ತುದಿಯಿಂದ 16 ಗ್ರಾಂ ಚೆನ್ನಾಗಿ ಹೋಗುತ್ತದೆ. ಮೀನು ಹೊಡೆದ ತಕ್ಷಣ ಎಳೆಯದೆ, ರಾಡ್ ತಗ್ಗಿಸಿ ಲೈನ್ ಬಿಗಿಯಾಗುವ ತನಕ ತಡೆದು ಆಮೇಲೆ ಜೋರಾಗಿ ಎತ್ತಬೇಕು, ಇಲ್ಲದಿದ್ದರೆ ಕಪ್ಪೆ ಮಾತ್ರ ವಾಪಸ್ ಬರುತ್ತದೆ. ಬಿದ್ದ ಕೊರವ ಒಂದೂವರೆ ಕೆಜಿಯ ಹತ್ತಿರ. ಜೊಂಡಿಗೆ ನುಗ್ಗಿತು, ಬ್ರೇಡ್ ಜೊಂಡನ್ನೇ ಕೊಯ್ದುಕೊಂಡು ಬಂತು. ಗಾಳ ಬಾಯಿಯ ಮೂಲೆಯಲ್ಲಿ ಕೂತಿತ್ತು, ಬಾಗು ಒಂದಿಷ್ಟೂ ಅಗಲವಾಗಿರಲಿಲ್ಲ. ಅಜ್ಜ ಎದ್ದು ಬಂದು ಮೀನನ್ನು ಬಿಟ್ಟು ಗಾಳವನ್ನೇ ತಿರುಗಿಸಿ ನೋಡಿದರು. "ಒಂದು ಕೊಡು" ಅಂದರು. ಕೊಟ್ಟೆ.

ಮನೆಗೆ ಬಂದು ಗೈಡ್‌ಗಳಿಗೆ ಮತ್ತೆ ಹತ್ತಿ ಉಜ್ಜಿದೆ, ಎಲ್ಲೂ ಸಿಕ್ಕಲಿಲ್ಲ. ಹೊಸ ಸುತ್ತುಗಳಲ್ಲಿ ಬಿರುಕಿಲ್ಲ. ಇನ್ನು ಉಳಿದಿರುವುದು ಹಿಡಿಯ ಕಾರ್ಕ್. ಅಲ್ಲಲ್ಲಿ ಗುಳಿ ಬಿದ್ದಿದೆ. ಬಾಟಲಿಯ ಬಿರಡೆ ತಿಕ್ಕಿ ಪುಡಿ ಮಾಡಿ, ನೀರು ತಡೆಯುವ ಮರದ ಅಂಟಿಗೆ ಕಲಸಿ ತುಂಬಿಸಬೇಕು. ಒಣಗಿದ ಮೇಲೆ ಉಪ್ಪುಕಾಗದ ಹಿಡಿದು ಮಟ್ಟ ಮಾಡಿದರೆ ಆಯಿತು.